ಬಿಪಿ ಬೀಳುವ ಮೊದಲೇ ಷಾಕ್ ಹಿಡಿಯುವುದು ಹೇಗೆ? ಮಲೆನಾಡಿನ ತಾಲ್ಲೂಕು ಆಸ್ಪತ್ರೆಗೊಂದು ಮಾರ್ಗದರ್ಶಿ

ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30. ಹೇಳೋಕೆ ದೂರವೇನಲ್ಲ. ಜುಲೈ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ರಸ್ತೆಗೆ ಮರ ಬಿದ್ದಿರುವಾಗ ಲೆಕ್ಕವೇ ಬೇರೆ. ಎಸ್ಟೇಟ್ ಲೈನ್ ಮನೆಯಿಂದ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಬರುವುದಕ್ಕೇ ಒಂದು ಗಂಟೆ ಹಿಡಿದಿರುತ್ತದೆ. ಅಲ್ಲಿಂದ ಜಿಲ್ಲಾಸ್ಪತ್ರೆ ಮುಟ್ಟೋಕೆ ಇನ್ನೊಂದು ಗಂಟೆ. ಷಾಕ್‌ಗೆ ಹೋದ ರೋಗಿ ಉಳಿಯುವುದೋ ಬಿಡುವುದೋ ಬಹಳ ಸಲ ಈ ಎರಡು ಗಂಟೆಯಲ್ಲೇ ತೀರ್ಮಾನವಾಗುತ್ತದೆ, ಐಸಿಯುನಲ್ಲಿ ಅಲ್ಲ.

ಆ ಎರಡು ಗಂಟೆ ರೋಗಿಯ ಪಕ್ಕದಲ್ಲಿ ಇರುವವರಿಗಾಗಿ ಇದನ್ನು ಬರೆದಿದ್ದೇನೆ: ರಾತ್ರಿ ಪಾಳಿಯ ಸ್ಟಾಫ್ ನರ್ಸ್, ಹೊಸದಾಗಿ ಡ್ಯೂಟಿಗೆ ಬಂದ ಡಾಕ್ಟರ್, 108ರ ಸಿಬ್ಬಂದಿ. ಔಷಧಿಯ ಡೋಸ್ ಬಂದ ಕಡೆಯೆಲ್ಲ ಡಾಕ್ಟರ ಆರ್ಡರ್ ಮತ್ತು ನಿಮ್ಮ ಆಸ್ಪತ್ರೆಯ ಪ್ರೋಟೋಕಾಲೇ ಕೊನೆಯ ಮಾತು. ಮನೆಯವರು ಮೊದಲ ಹಂತವನ್ನಾದರೂ ಓದಿಕೊಳ್ಳಿ. ಕೈ ಮುಟ್ಟಿ ನೋಡೋಕೆ ಡಿಗ್ರಿ ಬೇಕಿಲ್ಲ.

ರಕ್ತ ಸಂಚಾರ ಕೈಕೊಟ್ಟು ಮೈಯ ಜೀವಕೋಶಗಳಿಗೆ ಬೇಕಾದಷ್ಟು ಆಕ್ಸಿಜನ್ ತಲುಪದೆ ಹೋದರೆ ಅದು ಷಾಕ್. ಬಿಪಿ ಬೀಳುವುದು ಅದರ ಒಂದು ಲಕ್ಷಣ ಮಾತ್ರ, ಅದೂ ತಡವಾಗಿ ಬರುವ ಲಕ್ಷಣ. ಷಾಕ್ ಅನ್ನೋಕೆ ಬಿಪಿ ಬಿದ್ದಿರಲೇಬೇಕು ಅಂತಿಲ್ಲ ಎಂದು ಯುರೋಪಿನ ಐಸಿಯು ತಜ್ಞರ ಸಂಘ 2014ರಲ್ಲೇ ಸ್ಪಷ್ಟವಾಗಿ ಹೇಳಿತು. ಆದರೂ ನಮ್ಮ ಕ್ಯಾಸುಯಲ್ಟಿಗಳಲ್ಲಿ "ಮೇಲಿನದು ನೂರಿದೆ, ಪರವಾಗಿಲ್ಲ" ಅನ್ನುವ ಮಾತು ಇನ್ನೂ ಓಡುತ್ತಲೇ ಇದೆ.

ಹಂತ 1: ಮಾನಿಟರ್ ಹಚ್ಚುವ ಮೊದಲು ಕೈ ಹಿಡಿಯಿರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೋಟದ ಕೆಲಸದ ಹೆಂಗಸು, ವಯಸ್ಸು 38. ಐದು ದಿನ ಜ್ವರ ಇತ್ತು, ಇವತ್ತು ಬೆಳಿಗ್ಗೆಯಿಂದ ಇಲ್ಲ. "ಜ್ವರ ಬಿಟ್ಟಿದೆ ಸಿಸ್ಟರ್, ಸುಸ್ತು ಅಷ್ಟೇ. ಒಂದು ಗ್ಲೂಕೋಸ್ ಹಾಕ್ಬಿಡಿ, ಕರ್ಕೊಂಡು ಹೋಗ್ತೀವಿ" ಅನ್ನುತ್ತಾನೆ ಗಂಡ. ಬಿಪಿ 104/88, ನಾಡಿ 118. ಆಕೆ ನಡೆದುಕೊಂಡೇ ಬಂದಿದ್ದಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಕೈ ಮಾತ್ರ ಮೊಣಕೈವರೆಗೂ ತಣ್ಣಗಿದೆ, ಅಂಟಂಟು ಬೆವರು. ಮೂತ್ರಕ್ಕೆ ಹೋಗಿದ್ದು ನಿನ್ನೆ ಸಂಜೆ. ಈಕೆ ಈಗಾಗಲೇ ಷಾಕ್‌ನಲ್ಲಿದ್ದಾಳೆ.

ನೋಡಬೇಕಾದದ್ದು ಮೂರು ಕಡೆ: ಚರ್ಮ, ಮೂತ್ರ, ಮಾತು.

ಚರ್ಮದಿಂದ ಶುರು ಮಾಡಿ. ಬಲಗೈ ತೋರುಬೆರಳಿನ ತುದಿಯನ್ನು ಬಿಳಿಚಿಕೊಳ್ಳುವಷ್ಟು ಒತ್ತಿ, ಹತ್ತು ಸೆಕೆಂಡ್ ಹಾಗೇ ಹಿಡಿದು ಬಿಡಿ. ಬಣ್ಣ ವಾಪಸ್ ಬರೋಕೆ ಮೂರು ಸೆಕೆಂಡಿಗಿಂತ ಜಾಸ್ತಿ ಆದರೆ ಸಂಚಾರ ಸರಿಯಿಲ್ಲ. ಲ್ಯಾಬಿನಿಂದ ಒಂದು ಗಾಜಿನ ಸ್ಲೈಡ್ ತಂದು ಅದರಲ್ಲಿ ಒತ್ತಿದರೆ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತದೆ. ಇದನ್ನು ಹಳೇ ಕಾಲದ ಪರೀಕ್ಷೆ ಅಂತ ಸುಮ್ನೆ ಬದಿಗೆ ತಳ್ಳಬೇಡಿ. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ, ಸೋಂಕಿನಿಂದ ಷಾಕ್ ಆದ 424 ರೋಗಿಗಳ ಮೇಲೆ. ಅರ್ಧ ಜನಕ್ಕೆ ಲ್ಯಾಕ್ಟೇಟ್ (ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರುವ ಅಂಶ) ನೋಡಿಕೊಂಡು ಚಿಕಿತ್ಸೆ, ಉಳಿದವರಿಗೆ ಬೆರಳು ಒತ್ತಿ ನೋಡಿಕೊಂಡು. 28 ದಿನದ ಹೊತ್ತಿಗೆ ಲ್ಯಾಕ್ಟೇಟ್ ಗುಂಪಿನಲ್ಲಿ ಶೇ. 43.4, ಬೆರಳಿನ ಗುಂಪಿನಲ್ಲಿ ಶೇ. 34.9 ಜನ ತೀರಿಕೊಂಡಿದ್ದರು. ಲೆಕ್ಕಶಾಸ್ತ್ರದ ಪ್ರಕಾರ ಇದು ಖಚಿತ ಗೆಲುವು ಅನ್ನೋಕೆ ಕೂದಲೆಳೆಯಷ್ಟು ಕಡಿಮೆ. ಆದರೆ ಲ್ಯಾಕ್ಟೇಟ್ ಮಾಡುವ ಯಂತ್ರವೇ ಇಲ್ಲದ ಆಸ್ಪತ್ರೆಗೆ ಇದಕ್ಕಿಂತ ಒಳ್ಳೆ ಸುದ್ದಿ ಇನ್ನೇನು ಬೇಕು?

ನಮ್ಮ ಕಡೆ ಇದರಲ್ಲಿ ಕೆಲವು ತೊಡಕುಗಳಿವೆ. ಅಡಿಕೆ ಸುಲಿದ ಕೈಯ ಕರೆ ವಾರವಾದರೂ ಹೋಗೋದಿಲ್ಲ, ಬೆರಳಿನ ಬಣ್ಣ ಕಾಣೋದಿಲ್ಲ. ಆಗ ಎದೆಯ ನಡುಮೂಳೆ ಅಥವಾ ಹಣೆಯ ಮೇಲೆ ಒತ್ತಿ ನೋಡಿ. ಮಳೆಯಲ್ಲಿ ನೆನೆದು ಬಂದವರ ಕೈ ಹೇಗಿದ್ದರೂ ತಣ್ಣಗಿರುತ್ತದೆ. ಒರೆಸಿ, ಕಂಬಳಿ ಹೊದಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ. ಮಂಡಿ ಸುತ್ತ ಜಾಲರಿಯಂಥ ನೇರಳೆ ಕಲೆ ಬರುತ್ತದೆ ಅಂತ ಪುಸ್ತಕದಲ್ಲಿರುತ್ತದೆ. ಕಪ್ಪು ಮೈಬಣ್ಣದಲ್ಲಿ ಅದು ಅಷ್ಟು ಸುಲಭಕ್ಕೆ ಕಾಣೋದಿಲ್ಲ. ತೊಡೆಯಿಂದ ಪಾದದವರೆಗೆ ಕೈಯ ಹಿಂಭಾಗದಿಂದ ಸವರಿ, ಎಲ್ಲಿಂದ ತಣ್ಣಗಾಗಿದೆ ಅಂತ ಗುರುತು ಮಾಡಿಕೊಳ್ಳಿ. ಆ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ರೋಗಿ ಕೆಡುತ್ತಿದ್ದಾರೆ ಅಂತಲೇ ಲೆಕ್ಕ.

ಮೂತ್ರ: ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ. ಆದರೂ ಬರಬೇಕು. 60 ಕೆ.ಜಿ.ಯವರಿಗೆ 30 ಮಿ.ಲೀ. ಕ್ಯಾತಿಟರ್ ಹಾಕಿದಾಗ ಮೊದಲು ಬಂದದ್ದನ್ನು ಅಳೆದು ಬರೆದು, ಚೀಲ ಖಾಲಿ ಮಾಡಿ, ಆಮೇಲೆ ಗಂಟೆ ಎಣಿಸಿ. ಮೂತ್ರದ ಚೀಲದ ಗೆರೆಗಳನ್ನು ನಂಬಿ 30 ಮಿ.ಲೀ. ಅಳೆಯೋಕೆ ಆಗೋದಿಲ್ಲ. ಅಳತೆ ಜಾರ್ ಇಟ್ಟುಕೊಳ್ಳಿ.

ಮಾತು: "ಅಜ್ಜಿ, ಬೆಳಿಗ್ಗೆ ತಿಂಡಿ ಏನ್ ತಿಂದ್ರಿ?" ಅಂತ ಕೇಳಿ. ಸರಿಯಾಗಿ ಹೇಳಿದರೆ ಒಂದು ಮಟ್ಟಿಗೆ ನೆಮ್ಮದಿ. ಮಂಕಾಗಿರುವವರು ಮಾತ್ರ ಅಲ್ಲ, ಆಕ್ಸಿಜನ್ ಮಾಸ್ಕ್ ಕಿತ್ತು ಹಾಕುವವರು, ಎದ್ದು ಕೂರುತ್ತೇನೆ ಅಂತ ಜಗಳಕ್ಕೆ ಬರುವವರೂ ಷಾಕ್‌ನಲ್ಲಿರಬಹುದು. ಬಾಯಲ್ಲಿ ವಾಸನೆ ಬರುತ್ತಿದೆ ಅಂದ ಮಾತ್ರಕ್ಕೆ ಕುಡಿದ ಗಲಾಟೆ ಅಂತ ತೀರ್ಮಾನಿಸಬೇಡಿ. ಕುಡಿದವನ ಹೊಟ್ಟೆಯೊಳಗೂ ರಕ್ತ ಸೋರಬಹುದು ಅಲ್ವಾ?

ಹಂತ 2: ಬಿಪಿಯನ್ನು ಬಿಡಿಸಿ ಓದಿ

ಬಿಪಿ 104/88 ಅನ್ನುವುದರಲ್ಲಿ ಮೂರು ಲೆಕ್ಕ ಅಡಗಿದೆ.

ಒಂದು, ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. 16 ಬಂತು. ಡೆಂಗಿಯಲ್ಲಿ ಈ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆದರೆ ಷಾಕ್ ಶುರುವಾಗಿದೆ ಅಂತಲೇ ಅರ್ಥ. ಡೆಂಗಿಯ ಅಪಾಯದ ಹೊತ್ತು ಬರುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ. ಮನೆಯವರು ಸಮಾಧಾನ ಪಟ್ಟುಕೊಳ್ಳುವ ಹೊತ್ತಿಗೇ ರಕ್ತನಾಳದಿಂದ ನೀರು ಸೋರಿ ಹೋಗುತ್ತಿರುತ್ತದೆ.

ಎರಡು, ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. 118 ಭಾಗ 104, ಅಂದರೆ 1.1. ಆರೋಗ್ಯವಂತರಲ್ಲಿ ಇದು 0.5ರಿಂದ 0.7. 0.9 ದಾಟಿದರೆ ಎಚ್ಚರ, 1 ದಾಟಿದರೆ ಕುರ್ಚಿಯಿಂದ ಏಳಿ. ಹೆರಿಗೆ ವಾರ್ಡಿನಲ್ಲಿ ಈ ಲೆಕ್ಕಕ್ಕೆ ಬೆಲೆ ಇನ್ನೂ ಜಾಸ್ತಿ.

ಮೂರು, ಸರಾಸರಿ ಬಿಪಿ, ಅಂದರೆ ಮ್ಯಾಪ್. ಕೆಳಗಿನದನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಕೂಡಿಸಿ, ಮೂರರಿಂದ ಭಾಗಿಸಿ. ಈಕೆಗೆ 93. ಎಷ್ಟು ಚೆನ್ನಾಗಿ ಕಾಣುತ್ತಿದೆ ನೋಡಿ! ಮಾನಿಟರ್ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು ಅನ್ನೋದು ಇದಕ್ಕೇ.

ಈಗ ಪಕ್ಕದ ಹಾಸಿಗೆಯ ರೋಗಿಯನ್ನು ನೋಡಿ: ಬಿಪಿ 90/36, ನಾಡಿ 124, ಕೈ ಬೆಚ್ಚಗೆ. ಅಂತರ 54, ಮ್ಯಾಪ್ ಕೂಡ 54. ಮೇಲಿನದು 90 ಇದೆ ಅಂತ ಇವರನ್ನು ಬಿಟ್ಟರೂ ಕೆಟ್ಟಿರಿ. ಕೆಳಗಿನ ಬಿಪಿ ಇಷ್ಟು ಬಿದ್ದಿದ್ದರೆ ರಕ್ತನಾಳಗಳು ಸಡಿಲವಾಗಿವೆ ಅಂತ ಅರ್ಥ. ಇವರಿಗೆ ಬಾಟಲಿಗಿಂತ ಬೇಗ, ರಕ್ತನಾಳ ಬಿಗಿಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಬೇಕಾದೀತು. ಕೈ ಬೆಚ್ಚಗಿದೆ ಅಂತ ಷಾಕ್ ಇಲ್ಲ ಅನ್ನೋಕಾಗೋದಿಲ್ಲ. ಸೋಂಕಿನ ಷಾಕ್ ಮೊದಮೊದಲು ಹೀಗೇ ಬೆಚ್ಚಗಿರುತ್ತದೆ.

ವಯಸ್ಸಾದವರ ವಿಷಯದಲ್ಲಿ ಮನೆಯವರಿಂದ ಮಾತ್ರೆ ಕವರ್ ತರಿಸಿ. ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರ ನಾಡಿ ಷಾಕ್‌ನಲ್ಲೂ 80 ದಾಟದೇ ಇರಬಹುದು. ದಿನಾ 160 ಇರುವವರಿಗೆ 110 ಅಂದರೆ ಅದೇ ಕಡಿಮೆ ಬಿಪಿ. ಇನ್ನು ಯಂತ್ರ ಎರಡು ಸಲ ಸುಮ್ಮನೆ ಊದಿ ಎರರ್ ತೋರಿಸಿದರೆ ಯಂತ್ರವನ್ನು ಬೈಯಬೇಡಿ. ಸ್ಟೆತ್ ತಗೊಂಡು ಕೈಯಲ್ಲೇ ನೋಡಿ. ಬೆರಳಿನ ಆಕ್ಸಿಮೀಟರ್ ಅಲೆ ಹಿಡಿಯದಿದ್ದರೆ ಅದೂ ಒಂದು ಸುಳಿವೇ.

ಹಂತ 3: ಮೊದಲ ಹತ್ತು ನಿಮಿಷ

ಇಲ್ಲಿ ಕೆಲಸಗಳು ಒಂದಾದ ಮೇಲೆ ಒಂದಲ್ಲ, ಒಟ್ಟಿಗೆ ನಡೆಯಬೇಕು. ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದರೆ ಒಬ್ಬರು ಲೈನ್ ಹಾಕಲಿ, ಇನ್ನೊಬ್ಬರು ಡಾಕ್ಟರನ್ನು ಎಬ್ಬಿಸಿ ಇಸಿಜಿ ತೆಗೆಯಲಿ.

ರೋಗಿಯನ್ನು ಅಂಗಾತ ಮಲಗಿಸಿ, ಕಾಲು ಎತ್ತರಿಸಿ. ಉಸಿರಾಡೋಕೆ ಕಷ್ಟಪಡುತ್ತಿದ್ದರೆ ಮಾತ್ರ ಒರಗಿಸಿ ಕೂರಿಸಿ. ಆಕ್ಸಿಜನ್ ಕಡಿಮೆ ಇದ್ದರೆ ಮಾಸ್ಕ್ ಹಾಕಿ. ನರಕ್ಕೆ ಹಾಕುವ ಎರಡು ದಪ್ಪ ಲೈನ್ ಬೇಕು, ಹಸಿರು ವೆನ್‌ಫ್ಲಾನ್. ನೀಲಿಯದು ಸುಲಭವಾಗಿ ಹೋಗುತ್ತದೆ ನಿಜ, ಆದರೆ ಅದರಲ್ಲಿ ಬಾಟಲಿ ಓಡೋದೇ ಇಲ್ಲ. ನರ ಸಿಗದೇ ಹೋದರೆ, ಸೂಜಿ ಇದ್ದು ಗೊತ್ತಿರುವವರು ಇದ್ದರೆ, ಮೊಣಕಾಲಿನ ಕೆಳಗೆ ಮೂಳೆಯೊಳಗೆ ಹಾಕಬಹುದು. ಹತ್ತು ಸಲ ಚುಚ್ಚುತ್ತಾ ಕೂರಬಾರದು.

ಲೈನ್ ಹಾಕುವಾಗಲೇ ರಕ್ತ ತೆಗೆದುಬಿಡಿ: ಗುಂಪು ಮತ್ತು ಕ್ರಾಸ್‌ಮ್ಯಾಚ್, ಸಿಬಿಸಿ, ಕ್ರಿಯಾಟಿನಿನ್, ಸೋಂಕಿನ ಅನುಮಾನವಿದ್ದರೆ ಕಲ್ಚರ್, ಸೌಲಭ್ಯ ಇದ್ದರೆ ಲ್ಯಾಕ್ಟೇಟ್. ಲ್ಯಾಕ್ಟೇಟ್ 2 ದಾಟಿದರೆ ಅನುಮಾನ ಗಟ್ಟಿಯಾಗುತ್ತದೆ. ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಿ. ಹೊಟ್ಟೆನೋವು, ತಲೆಸುತ್ತು ಅಂತ ಬಂದ, ಮಕ್ಕಳಾಗುವ ವಯಸ್ಸಿನ ಪ್ರತಿ ಹೆಣ್ಣಿಗೂ ಮೂತ್ರದ ಪ್ರೆಗ್ನೆನ್ಸಿ ಕಿಟ್ ಹಾಕಿ. "ಮದುವೆ ಆಗಿಲ್ಲ", "ಆಪರೇಷನ್ ಆಗಿದೆ" ಅನ್ನುವ ಉತ್ತರಗಳಿಗೆ ಕಾಯಬೇಡಿ. ಗರ್ಭನಾಳದಲ್ಲಿ ಕಟ್ಟಿದ ಗರ್ಭ ಒಡೆದರೆ ಹೊರಗೆ ಒಂದು ಹನಿ ರಕ್ತ ಕಾಣದೆ ಹೊಟ್ಟೆ ತುಂಬುತ್ತದೆ.

ಹಂತ 4: ಯಾವ ಷಾಕ್ ಇದು?

ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಯಲ್ಲಿ ನೀರಿಲ್ಲದಿದ್ದರೂ ಜೆಟ್ ಹಾರೋದಿಲ್ಲ, ಮೋಟಾರ್ ಕೆಟ್ಟರೂ ಹಾರೋದಿಲ್ಲ, ಪೈಪಿನಲ್ಲಿ ಏನಾದರೂ ಸಿಕ್ಕಿಕೊಂಡರೂ ಹಾರೋದಿಲ್ಲ, ಪೈಪ್ ಎಲ್ಲೆಲ್ಲೋ ಬಿಟ್ಟುಕೊಂಡರೂ ಹಾರೋದಿಲ್ಲ. ಷಾಕ್ ಕೂಡ ಈ ನಾಲ್ಕೇ ಬಗೆ: ರಕ್ತ ಅಥವಾ ನೀರು ಖಾಲಿ, ಹೃದಯ ಸೋತಿದೆ, ದಾರಿಯಲ್ಲಿ ಅಡ್ಡಿ ಇದೆ, ರಕ್ತನಾಳ ಸಡಿಲವಾಗಿದೆ. 2010ರಲ್ಲಿ ಪ್ರಕಟವಾದ, 1679 ಐಸಿಯು ರೋಗಿಗಳ ಅಧ್ಯಯನವೊಂದರಲ್ಲಿ ಶೇ. 62ರಷ್ಟು ಸೋಂಕಿನ ಷಾಕ್, ಹೃದಯದ್ದು ಮತ್ತು ರಕ್ತ-ನೀರು ಕಳೆದುಕೊಂಡದ್ದು ತಲಾ ಶೇ. 16ರ ಆಸುಪಾಸು.

ಗುರುತಿಸೋಕೆ ಕೈ ಮತ್ತು ಕುತ್ತಿಗೆ ಸಾಕು. ರೋಗಿಯನ್ನು 45 ಡಿಗ್ರಿ ಒರಗಿಸಿ ಕುತ್ತಿಗೆಯ ನರ ನೋಡಿ. ಕೈ ತಣ್ಣಗೆ, ಕುತ್ತಿಗೆ ನರ ಕಾಣದಷ್ಟು ಚಪ್ಪಟೆ: ಖಾಲಿಯಾಗಿದೆ. ಕೈ ತಣ್ಣಗೆ, ಕುತ್ತಿಗೆ ನರ ಉಬ್ಬಿದೆ: ಹೃದಯ ಅಥವಾ ಅಡ್ಡಿ. ಅದರ ಜೊತೆ ಶ್ವಾಸಕೋಶದ ಬುಡದಲ್ಲಿ ಕರಕರ ಸದ್ದು ಇದ್ದರೆ ಹೃದಯದ ಕಡೆಗೇ ವಾಲಿ. ಕೈ ಬೆಚ್ಚಗೆ, ಕೆಳಗಿನ ಬಿಪಿ ಬಿದ್ದಿದೆ: ಸಡಿಲ. ಅಲ್ಟ್ರಾಸೌಂಡ್ ಇದ್ದು ನೋಡಲು ಬರುವವರಿದ್ದರೆ ಹೃದಯ, ಹೊಟ್ಟೆಯ ನೀರು, ಶ್ವಾಸಕೋಶ ನೋಡೋಕೆ ಐದು ನಿಮಿಷ ಸಾಕು.

ಬಿಪಿ ಬಿದ್ದೂ ನಾಡಿ ನಿಧಾನವಾಗಿದ್ದರೆ ಅದು ಬೇರೆ ಪಟ್ಟಿ. ಮೆಣಸು ಕೊಯ್ಯೋಕೆ ಸಿಲ್ವರ್ ಮರ ಹತ್ತಿ ಬಿದ್ದವರು, ಕಾಲು ಆಡಿಸುತ್ತಿಲ್ಲ, ಮೈ ಬೆಚ್ಚಗಿದೆ, ನಾಡಿ 52: ಬೆನ್ನುಹುರಿಗೆ ಪೆಟ್ಟು. ಆದರೆ ಮರದಿಂದ ಬಿದ್ದವರಲ್ಲಿ ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಇದನ್ನು ಒಪ್ಪಿಕೊಳ್ಳಬೇಡಿ. ಬಾಯಲ್ಲಿ ನೊರೆ, ಸೂಜಿಮೊನೆಯಷ್ಟು ಕಣ್ಣಪಾಪೆ ಇದ್ದರೆ ಕೀಟನಾಶಕ, ಅಟ್ರೊಪಿನ್ ಬೇಕು. ಹೃದಯದ ಕೆಳಭಾಗದ ಆಘಾತ, ಕಣಗಿಲೆ ಬೀಜ ತಿಂದದ್ದು, ಬಿಪಿ ಮಾತ್ರೆ ಜಾಸ್ತಿ ನುಂಗಿದ್ದು ಕೂಡ ಇದೇ ಪಟ್ಟಿಯಲ್ಲಿವೆ. ಕೊಪ್ಪ, ನರಸಿಂಹರಾಜಪುರ ಕಡೆ ಬೇಸಿಗೆಯ ಜ್ವರದಲ್ಲಿ ಬಿಪಿ ಕಡಿಮೆ, ನಾಡಿಯೂ ನಿಧಾನ ಅಂದರೆ ಮಂಗನ ಕಾಯಿಲೆಯನ್ನು ನೆನಪಿಟ್ಟುಕೊಳ್ಳಿ.

ಅಪಘಾತದವರಲ್ಲಿ ಒಂದು ಕಡೆಯ ಎದೆಯಲ್ಲಿ ಉಸಿರಿನ ಸದ್ದೇ ಇಲ್ಲ, ಕುತ್ತಿಗೆ ನರ ಉಬ್ಬಿದೆ, ಬಿಪಿ ಬೀಳುತ್ತಿದೆ ಅಂದರೆ ಎಕ್ಸ್‌ರೇಗೆ ಕಳಿಸಬೇಡಿ. ಗಾಳಿ ತುಂಬಿಕೊಂಡಿದೆ. ಡಾಕ್ಟರ್ ಅಲ್ಲೇ ದಪ್ಪ ಸೂಜಿ ಹಾಕಿ ಗಾಳಿ ಬಿಡಬೇಕು.

ಹಂತ 5: ಬಾಟಲಿ ಎಷ್ಟು, ಯಾವುದು

ಜನ ಎಲ್ಲ ಬಾಟಲಿಗೂ ಗ್ಲೂಕೋಸ್ ಅನ್ನುತ್ತಾರೆ. ಷಾಕ್‌ಗೆ ನಿಜವಾದ ಗ್ಲೂಕೋಸ್ ಬಾಟಲಿಯಾಗಲಿ, ಗ್ಲೂಕೋಸ್-ಉಪ್ಪು ಬೆರೆತ ಡಿಎನ್‌ಎಸ್ ಆಗಲಿ ಪ್ರಯೋಜನವಿಲ್ಲ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಒಳ್ಳೆಯದು, ಇಲ್ಲದಿದ್ದರೆ ನಾರ್ಮಲ್ ಸಲೈನ್, ಅಂದರೆ ಎನ್‌ಎಸ್.

ಸೋಂಕಿನ ಷಾಕ್‌ಗೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಮೊದಲ ಮೂರು ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ. 50 ಕೆ.ಜಿ.ಯವರಿಗೆ ಒಂದೂವರೆ ಲೀಟರ್, ಅಂದರೆ ಅರ್ಧ ಲೀಟರಿನ ಮೂರು ಬಾಟಲಿ. ಮೂರನ್ನೂ ಒಟ್ಟಿಗೆ ತೂಗುಹಾಕಿ ಊಟಕ್ಕೆ ಹೋಗಬೇಡಿ. 250ರಿಂದ 500 ಮಿ.ಲೀ. ಅರ್ಧ ಗಂಟೆಯೊಳಗೆ ಓಡಿಸಿ, ನಿಲ್ಲಿಸಿ, ನೋಡಿ. ಬೆರಳಿನ ಬಣ್ಣ ಬೇಗ ಬರುತ್ತಿದೆಯಾ? ನಾಡಿ ಇಳಿಯಿತಾ? ಅಂತರ ಅಗಲವಾಯಿತಾ? ಹಾಗಿದ್ದರೆ ಇನ್ನೊಂದು. ಉಸಿರು ಜಾಸ್ತಿಯಾಯಿತು, ಶ್ವಾಸಕೋಶದಲ್ಲಿ ಸದ್ದು ಬಂತು, ಆಕ್ಸಿಜನ್ ಇಳಿಯಿತು ಅಂದರೆ ಅಲ್ಲಿಗೆ ಸಾಕು.

ನೀರು ಕೊಡದೆಯೇ ಪರೀಕ್ಷೆ ಮಾಡುವ ದಾರಿ ಒಂದಿದೆ. ಒರಗಿ ಕೂತಿರುವ ರೋಗಿಯ ತಲೆಭಾಗವನ್ನು ಹಾಸಿಗೆ ಸಮೇತ ಇಳಿಸಿ, ಕಾಲನ್ನು 45 ಡಿಗ್ರಿ ಎತ್ತಿ. ಕಾಲಿನಿಂದ ಸುಮಾರು 300 ಮಿ.ಲೀ. ರಕ್ತ ಹೃದಯದ ಕಡೆ ಬರುತ್ತದೆ. ಒಂದು ನಿಮಿಷದೊಳಗೆ ಮೇಲಿನ-ಕೆಳಗಿನ ಬಿಪಿಯ ಅಂತರ ಹೆಚ್ಚಿದರೆ ನೀರು ಕೊಟ್ಟರೆ ಉಪಯೋಗವಾಗುವ ಸಂಭವ ಇದೆ. ಏನೂ ಬದಲಾಗದಿದ್ದರೆ ಕಾಲು ಇಳಿಸಿ, ಏನೂ ನಷ್ಟವಿಲ್ಲ.

ಜಾಸ್ತಿ ನೀರು ಒಳ್ಳೆಯದು ಅನ್ನುವ ನಂಬಿಕೆಗೆ 2011ರಲ್ಲಿ ದೊಡ್ಡ ಪೆಟ್ಟು ಬಿತ್ತು. ಉಗಾಂಡಾ, ಕೀನ್ಯಾ, ಟಾಂಜಾನಿಯಾದ 3141 ಮಕ್ಕಳ ಮೇಲಿನ ಅಧ್ಯಯನದಲ್ಲಿ, ಜ್ವರದಿಂದ ಸಂಚಾರ ಕೆಟ್ಟಿದ್ದ ಮಕ್ಕಳಿಗೆ ನೀರನ್ನು ಬೇಗ ಬೇಗ ಓಡಿಸಿದ ಗುಂಪುಗಳಲ್ಲೇ ಸಾವು ಜಾಸ್ತಿಯಾಗಿತ್ತು. ಐಸಿಯು ಇಲ್ಲದ ಆಸ್ಪತ್ರೆಗಳವು. ನಮ್ಮ ಪರಿಸ್ಥಿತಿಗೆ ಹತ್ತಿರದ್ದು ಅಂತ ನನಗನ್ನಿಸುತ್ತದೆ.

ಡೆಂಗಿಗೆ ಲೆಕ್ಕವೇ ಬೇರೆ. ಬಿಪಿ ಇನ್ನೂ ಬಿದ್ದಿಲ್ಲ, ಅಂತರ ಮಾತ್ರ ಕುಗ್ಗಿದೆ ಅಂದರೆ ಕೆ.ಜಿ.ಗೆ 5ರಿಂದ 10 ಮಿ.ಲೀ., ಒಂದು ಗಂಟೆಯಲ್ಲಿ. ಆಮೇಲೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡಿಕೊಂಡು ಇಳಿಸುತ್ತಾ ಬರಬೇಕು. ಸೋರುವುದು ಒಂದೆರಡು ದಿನ. ಆಮೇಲೆ ಸೋರಿದ ನೀರು ತಾನಾಗಿ ರಕ್ತಕ್ಕೆ ವಾಪಸ್ ಬರುತ್ತದೆ. ಆಗಲೂ ಬಾಟಲಿ ಓಡುತ್ತಿದ್ದರೆ ರೋಗಿಯನ್ನು ನಾವೇ ಮುಳುಗಿಸಿದಂತೆ. ಪ್ಲೇಟ್‌ಲೆಟ್ ಎಷ್ಟು ಅಂತ ಮನೆಯವರು ಗಂಟೆಗೊಮ್ಮೆ ಕೇಳುತ್ತಾರೆ. ಹೆಮಟೋಕ್ರಿಟ್ ಎಷ್ಟು ಅಂತ ಯಾರೂ ಕೇಳೋದಿಲ್ಲ. ಷಾಕ್ ವಿಷಯದಲ್ಲಿ ದಾರಿ ತೋರಿಸುವುದು ಅದೇ.

ರಕ್ತ ಹೋದವರಿಗೆ ರಕ್ತವೇ ಬೇಕು. ಆಲೂರು, ಸಕಲೇಶಪುರ ಕಡೆಯ ಆನೆ ತುಳಿತ, ಘಾಟಿಯ ಅಪಘಾತ, ಯಾವುದೇ ಇರಲಿ: ಸುರಿಯುವ ಕಡೆ ಒತ್ತಿ ಹಿಡಿಯಿರಿ, ಸೊಂಟದ ಮೂಳೆ ಮುರಿದ ಅನುಮಾನ ಇದ್ದರೆ ಬೆಡ್‌ಶೀಟ್ ಸುತ್ತಿ ಬಿಗಿಯಿರಿ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹತ್ತು ನಿಮಿಷದಲ್ಲಿ ಕೊಡಿ, ಪೆಟ್ಟು ಬಿದ್ದು ಮೂರು ಗಂಟೆಯೊಳಗೆ. ರಕ್ತ ನಿಲ್ಲುವವರೆಗೆ ಮೇಲಿನ ಬಿಪಿ 80–90 ಇದ್ದರೆ ಸಾಕು. ತಲೆಗೆ ಪೆಟ್ಟಾಗಿದ್ದರೆ ಮಾತ್ರ ಇದು ಸಲ್ಲದು. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟೋದಿಲ್ಲ, ಒದ್ದೆ ಬಟ್ಟೆ ಮೊದಲು ತೆಗೆಯಿರಿ.

ಹಂತ 6: ನಾರ್‌ಅಡ್ರಿನಲಿನ್‌ಗೆ ಹೆದರಬೇಡಿ

ಮ್ಯಾಪ್ 65 ಮುಟ್ಟುತ್ತಿಲ್ಲ ಅಂದರೆ, ಕೆಳಗಿನ ಬಿಪಿ ತೀರಾ ಬಿದ್ದಿದೆ ಅಂದರೆ, ಬಾಟಲಿ ಮುಗಿಯಲಿ ಅಂತ ಕಾಯದೆ ಶುರು ಮಾಡಬಹುದು. ಕೇಳಿಬರುವ ಆಕ್ಷೇಪ ಒಂದೇ: "ಸೆಂಟ್ರಲ್ ಲೈನ್ ಇಲ್ಲ." ಕುತ್ತಿಗೆಯಂಥ ಕಡೆಯ ದೊಡ್ಡ ನರಕ್ಕೆ ಹಾಕುವ ಆ ಲೈನ್ ಇಲ್ಲದಿದ್ದರೂ ಮೊಣಕೈ ಹತ್ತಿರದ ದಪ್ಪ ನರದಲ್ಲಿ ಕೊಡಬಹುದು ಅಂತ 2021ರ ಮಾರ್ಗಸೂಚಿಯೇ ಹೇಳಿದೆ. ಅಂಗೈ ಹಿಂಭಾಗದ ಸಣ್ಣ ನರ ಬೇಡ. ಅದೇ ಕೈಗೆ ಬಿಪಿ ಕಫ್ ಕಟ್ಟಬೇಡಿ, ಅದೇ ಲೈನಿನಲ್ಲಿ ಬೇರೆ ಇಂಜೆಕ್ಷನ್ ತಳ್ಳಬೇಡಿ. ಅರ್ಧ ಗಂಟೆಗೊಮ್ಮೆ ಸೂಜಿಯ ಜಾಗ ನೋಡಿ. ಊತ, ಬಿಳಿಚಿಕೆ, ನೋವು ಕಂಡರೆ ತಕ್ಷಣ ಇನ್ನೊಂದು ಲೈನಿಗೆ ಬದಲಿಸಿ ಡಾಕ್ಟರಿಗೆ ಹೇಳಿ.

ಲೆಕ್ಕ ಹೀಗೆ. 4 ಮಿ.ಗ್ರಾಂ ಔಷಧವನ್ನು ಒಟ್ಟು 50 ಮಿ.ಲೀ. ಮಾಡಿದರೆ ಒಂದು ಮಿ.ಲೀ.ಗೆ 80 ಮೈಕ್ರೋಗ್ರಾಂ. 60 ಕೆ.ಜಿ.ಯವರಿಗೆ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಬೇಕೆಂದರೆ ಸಿರಿಂಜ್ ಪಂಪ್ ಗಂಟೆಗೆ 4.5 ಮಿ.ಲೀ. ಪಂಪ್ ಇಲ್ಲವೇ? 4 ಮಿ.ಗ್ರಾಂ ಅನ್ನು 500 ಮಿ.ಲೀ. ಬಾಟಲಿಗೆ ಹಾಕಿ, ಮೈಕ್ರೋಡ್ರಿಪ್ ಸೆಟ್‌ನಲ್ಲಿ ನಿಮಿಷಕ್ಕೆ 45 ಹನಿ ಬಿಟ್ಟರೆ ಅದೇ ಡೋಸ್. ಆಂಪೂಲ್ ಮೇಲೆ ಬರೆದಿರುವುದು ಶುದ್ಧ ನಾರ್‌ಅಡ್ರಿನಲಿನ್ ತೂಕವೋ ಅದರ ಲವಣದ ತೂಕವೋ ಅಂತ ಓದಿಕೊಳ್ಳಿ. ಕಂಪನಿಯಿಂದ ಕಂಪನಿಗೆ ಬರೆಯುವ ರೀತಿ ಬದಲಾಗುತ್ತದೆ.

ಎಮರ್ಜೆನ್ಸಿ ಟ್ರೇನಲ್ಲಿ ಬಿಪಿ ಏರಿಸುವ ಇನ್ನೊಂದು ಔಷಧ ಡೋಪಮೈನ್ ಇನ್ನೂ ಇರುತ್ತದೆ. ಮೇಲೆ ಹೇಳಿದ 1679 ರೋಗಿಗಳ ಅಧ್ಯಯನ ಹೋಲಿಸಿದ್ದು ಇವೆರಡನ್ನೇ. ಒಟ್ಟಾರೆ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಡೋಪಮೈನ್ ಕೊಟ್ಟವರಲ್ಲಿ ಹೃದಯದ ಬಡಿತ ತಪ್ಪಿದ್ದು ಹೆಚ್ಚುಕಮ್ಮಿ ಎರಡು ಪಟ್ಟು. ಎರಡೂ ಇದ್ದರೆ ನಾರ್‌ಅಡ್ರಿನಲಿನ್ ಎತ್ತಿಕೊಳ್ಳಿ.

ಡೋಸ್ 0.25 ದಾಟುತ್ತಿದ್ದರೆ ವಾಸೋಪ್ರೆಸಿನ್, ಹೈಡ್ರೋಕಾರ್ಟಿಸೋನ್ ಸೇರಿಸುವುದು ಜಿಲ್ಲಾಸ್ಪತ್ರೆಯ ಐಸಿಯು ಕೆಲಸ. ನೀವು ಅಷ್ಟರಲ್ಲಿ ಫೋನ್ ಮಾಡಿರಬೇಕು.

ಹಂತ 7: ಮೂಲಕ್ಕೆ ಮದ್ದು

ಇಷ್ಟು ಹೊತ್ತು ಮಾಡಿದ್ದು ಸಮಯ ಗಳಿಸುವ ಕೆಲಸ. ಕಾರಣ ಹಾಗೇ ಉಳಿದರೆ ಗಳಿಸಿದ್ದು ಕರಗಿ ಹೋಗುತ್ತದೆ.

ಕಾಫಿ ಗಿಡದ ಮಧ್ಯೆ ಕಣಜದ ಗೂಡಿಗೆ ಕೈ ಹಾಕಿದವರು, ಹೆಜ್ಜೇನು ಕಡಿದವರು, ಇಂಜೆಕ್ಷನ್ ಕೊಟ್ಟ ಕೂಡಲೇ ಮೈಯೆಲ್ಲ ದದ್ದು ಎದ್ದು ಬಿಪಿ ಬಿದ್ದವರು: ಇವರಿಗೆ ಮೊದಲ ಮದ್ದು ಅಡ್ರಿನಲಿನ್. ದೊಡ್ಡವರಿಗೆ 0.5 ಮಿ.ಗ್ರಾಂ, ಅಂದರೆ ಒಂದಕ್ಕೆ ಸಾವಿರದ ಆಂಪೂಲಿನ ಅರ್ಧ ಮಿ.ಲೀ., ತೊಡೆಯ ಹೊರಭಾಗದ ಮಾಂಸಕ್ಕೆ. ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಗ್ರಾಂ. ಐದು ನಿಮಿಷಕ್ಕೆ ಸರಿಹೋಗದಿದ್ದರೆ ಇನ್ನೊಂದು. ನಮ್ಮಲ್ಲಿ ಕೈ ಮೊದಲು ಹೋಗುವುದು ಏವಿಲ್ ಮತ್ತು ಹೈಡ್ರೋಕಾರ್ಟಿಸೋನ್ ಕಡೆಗೆ. ಅವು ತುರಿಕೆಗೆ ಸರಿ, ಜೀವ ಉಳಿಸೋದಿಲ್ಲ. ಸ್ವಲ್ಪ ಹುಷಾರಾದಂತೆ ಕಂಡರೂ ರೋಗಿಯನ್ನು ಎಬ್ಬಿಸಿ ನಿಲ್ಲಿಸಬೇಡಿ, ಆಗಲೇ ಕುಸಿದು ಬೀಳುವುದು.

ಜ್ವರದ ಷಾಕ್‌ಗೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಒಳಗೆ ಹೋಗಿರಬೇಕು. ಕಲ್ಚರ್ ತೆಗೆಯಿರಿ, ಆದರೆ ಅದಕ್ಕಾಗಿ ತಡ ಮಾಡಬೇಡಿ. ಗದ್ದೆ, ತೋಟದವರಲ್ಲಿ ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್ (ಪೊದೆಯ ಸಣ್ಣ ಹುಳು ಕಚ್ಚಿ ಬರುವ ಜ್ವರ) ಎರಡೂ ಸಿಗುತ್ತವೆ, ಎರಡಕ್ಕೂ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ. ಸ್ಕ್ರಬ್ ಟೈಫಸ್‌ನ ಗುರುತು ಸಿಗರೇಟಿನಿಂದ ಸುಟ್ಟಂಥ ಒಂದು ಕಪ್ಪು ಹಕ್ಕಳೆ. ನೋವಿರೋದಿಲ್ಲ, ಹಾಗಾಗಿ ರೋಗಿ ತಾನಾಗಿ ಹೇಳೋದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಲಂಗದ ಲಾಡಿ ಕಟ್ಟುವ ಜಾಗ, ಇಷ್ಟನ್ನು ಪರದೆ ಎಳೆದು ಸಿಸ್ಟರ್ ನೋಡಲೇಬೇಕು. ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಜೊತೆ ಅಜಿತ್ರೋಮೈಸಿನ್ ಸೇರಿಸಿ ನರಕ್ಕೆ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಮೇಲು ಅಂತ 2023ರಲ್ಲಿ ಪ್ರಕಟವಾದ ಭಾರತದ ಅಧ್ಯಯನ ತೋರಿಸಿದೆ.

ಹೆರಿಗೆ ನಂತರದ ರಕ್ತಸ್ರಾವದಲ್ಲಿ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಬಾಟಲಿ, ಹರಿದ ಜಾಗ ಹುಡುಕುವುದು, ಎಲ್ಲವೂ ಒಟ್ಟಿಗೆ ಆಗಬೇಕು, ಸರದಿ ಪ್ರಕಾರ ಅಲ್ಲ. ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ, ಗೆರೆ ಇರುವ ಚೀಲ ಕೆಳಗಿಟ್ಟು ಅಳೆಯಿರಿ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಫ್ರಿಕಾದ ನಾಲ್ಕು ದೇಶಗಳಲ್ಲಿ ಹೀಗೆ ಅಳೆದು, ಒಟ್ಟಿಗೆ ಚಿಕಿತ್ಸೆ ಕೊಟ್ಟಾಗ ತೀವ್ರ ತೊಂದರೆ ಶೇ. 60ರಷ್ಟು ಕಡಿಮೆಯಾಯಿತು.

ಹೃದಯಾಘಾತದ ಬಗ್ಗೆ ಹಾಸನದವರಿಗೆ ಹೊಸದಾಗಿ ಹೆದರಿಸಬೇಕಿಲ್ಲ. 2025ರ ಜೂನ್-ಜುಲೈನಲ್ಲಿ ಬಂದ ಸುದ್ದಿಗಳಿಗೆ ಮೈಸೂರಿನ ಜಯದೇವದ ಮುಂದೆ ಸಾಲುಗಟ್ಟಿದ್ದು ನೆನಪಿದೆ. ಬಿಪಿ ಬಿದ್ದಿರುವ ಎದೆನೋವಿನವರ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡಬೇಡಿ. ಹೃದಯದ ಬಲಭಾಗಕ್ಕೆ ಪೆಟ್ಟಾಗಿದ್ದರೆ ಇದ್ದ ಬಿಪಿಯೂ ಹೋಗುತ್ತದೆ. ಇಸಿಜಿಯನ್ನು ತಕ್ಷಣ ಹಬ್ ಆಸ್ಪತ್ರೆಗೆ, ಅಂದರೆ ಅದನ್ನು ಓದಿ ಸಲಹೆ ಕೊಡುವ ದೊಡ್ಡ ಆಸ್ಪತ್ರೆಗೆ ಕಳಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತ. ಷಾಕ್ ಜೊತೆ ಬಂದ ಆಘಾತಕ್ಕೆ ಅದೊಂದೇ ಸಾಲದು, ಆಂಜಿಯೋಪ್ಲಾಸ್ಟಿ ಮಾಡುವ ಕಡೆ ಬೇಗ ಮುಟ್ಟಬೇಕು.

ಹಂತ 8: ಗಾಡಿ ಹತ್ತಿಸುವಾಗ

ಲೈನ್ ಹಾಕದೆ, ಔಷಧಿ ಶುರು ಮಾಡದೆ "ಹೈಯರ್ ಸೆಂಟರಿಗೆ" ಅಂತ ಚೀಟಿ ಬರೆದು ಕಳಿಸಿದರೆ ರೋಗಿಗೆ ಒಂದು ಗಂಟೆ ಚಿಕಿತ್ಸೆಯೇ ಇಲ್ಲ. ರಕ್ತ ಸುರಿಯುತ್ತಿರುವವರನ್ನು ಮಾತ್ರ ತಡೆಯಬೇಡಿ. ಅವರಿಗೆ ಆಪರೇಷನ್ ಥಿಯೇಟರೇ ಮದ್ದು, ಉಳಿದದ್ದು ದಾರಿಯಲ್ಲಿ.

ಹಾಸನದ ಹಿಮ್ಸ್ ಆಸ್ಪತ್ರೆಗೋ, ಚಿಕ್ಕಮಗಳೂರು ಜಿಲ್ಲಾಸ್ಪತ್ರೆಗೋ, ಘಾಟಿ ಇಳಿದು ಮಂಗಳೂರು, ಮಣಿಪಾಲಕ್ಕೋ ಅನ್ನುವುದನ್ನು ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ನಿರ್ಧರಿಸಿ. ಹತ್ತಿರದ್ದು ಅಂತ ಹೊರಟು ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ನಿಂತರೆ ವಾಪಸ್ ತಿರುಗೋಕೂ ಜಾಗ ಇರೋದಿಲ್ಲ. ಐಸಿಯು ಬೆಡ್, ವೆಂಟಿಲೇಟರ್ ಖಾಲಿ ಇದೆ ಅಂತ ಡಾಕ್ಟರಿಂದ ಡಾಕ್ಟರಿಗೇ ಫೋನ್ ಆಗಲಿ. ಸಿಲಿಂಡರಿನ ಒತ್ತಡ ನೋಡಿ, ಪಂಪಿನ ಬ್ಯಾಟರಿ ಚಾರ್ಜ್ ನೋಡಿ, ನಾರ್‌ಅಡ್ರಿನಲಿನ್‌ನ ಎರಡನೇ ಸಿರಿಂಜ್ ಲೇಬಲ್ ಬರೆದು ತುಂಬಿಟ್ಟುಕೊಳ್ಳಿ. ಮೊದಲನೆಯದು ಮುಗಿದ ಮೇಲೆ ತಿರುವುಗಳಲ್ಲಿ ಆಂಪೂಲ್ ಒಡೆಯೋಕೆ ಆಗೋದಿಲ್ಲ. ಪಂಪ್ ಕೈಕೊಟ್ಟರೆ ಇರಲಿ ಅಂತ ಮೈಕ್ರೋಡ್ರಿಪ್ ಸೆಟ್ ಒಂದು ಜೊತೆಗಿರಲಿ. ವೆನ್‌ಫ್ಲಾನ್‌ಗಳಿಗೆ ಇನ್ನೊಂದು ಸುತ್ತು ಪ್ಲಾಸ್ಟರ್ ಹಾಕಿ.

ಚೀಟಿಯಲ್ಲಿ "ಜ್ವರ, ಲೋ ಬಿಪಿ, ಮುಂದಿನ ಚಿಕಿತ್ಸೆಗೆ" ಅಂತ ಬರೆದರೆ ಆ ಕಡೆಯವರು ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕು. ಹೀಗೆ ಬರೆಯಿರಿ: "1.10ಕ್ಕೆ ಬಂದಾಗ 90/36, ನಾಡಿ 124, ಕೈ ಬೆಚ್ಚಗೆ, ಮಾತು ಗೊಂದಲ. ಸಕ್ಕರೆ 142. ಬಲ ಕಂಕುಳಲ್ಲಿ ಹಕ್ಕಳೆ. ಆರ್‌ಎಲ್ 1000 ಮಿ.ಲೀ. ಆಗಿದೆ. 1.35ಕ್ಕೆ ಕಲ್ಚರ್ ತೆಗೆದು ಸೆಫ್ಟ್ರಿಯಾಕ್ಸೋನ್ 2 ಗ್ರಾಂ, ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. 1.45ರಿಂದ ಎಡ ಮೊಣಕೈ ಲೈನಿನಲ್ಲಿ ನಾರ್‌ಅಡ್ರಿನಲಿನ್ 0.1. ಹೊರಡುವಾಗ ಮ್ಯಾಪ್ 66, ಬೆರಳು 4 ಸೆಕೆಂಡ್, ಒಂದು ಗಂಟೆಯ ಮೂತ್ರ 20 ಮಿ.ಲೀ. ಪೆನಿಸಿಲಿನ್ ಅಲರ್ಜಿ ಇಲ್ಲ. ಜೊತೆಗೆ ಮಗ ಬರುತ್ತಿದ್ದಾನೆ, ಅವನ ಗುಂಪು ಬಿ ಪಾಸಿಟಿವ್."